ಊದುವವನ ಹಲ್ಲು

ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟುಮಾಡಿ ಊದಿದರೂ ಟ್ರಂಪೆಟ್ಟಿನಿಂದ ಸ್ವರ ಹೊರಡಲಿಲ್ಲ. ಹೊರಟದ್ದು ಯಾರೋ ಕಂಬಳಿ ಹೊದ್ದು ಒಳಗೇ ಕೆಮ್ಮಿದಂಥ ಸದ್ದು. ದೊಡ್ಡಬಾಯಿ ಇನ್ನೊಮ್ಮೆ ಊದಿದ. ಕಣ್ಣಿಗೆ ಕತ್ತಲೆ ಬಂತು, ಕಿವಿ ಗುಂಯ್ ಎಂದಿತು, ಬಾಯೊಳಗೆ ಮೇಲಿನ ಹಲ್ಲಿನ ಸೆಟ್ಟು ಎಂದಿನಂತೆ ಅಲುಗಾಡಿ ಹುಣ್ಣಾದ ವಸಡನ್ನೇ ಹುಡುಕಿ ಕಚ್ಚಿತು. ಆದರೆ ಇವತ್ತಿನ ತಪ್ಪು ಹಲ್ಲಿನದಲ್ಲ. ಮೀಸೆ ಮೂಡುವ ಮೊದಲಿಂದ ಊದುತ್ತಿರುವವನಿಗೆ ಅಷ್ಟೂ ತಿಳಿಯುವುದಿಲ್ಲವೇ? ಗಾಳಿ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ.

ಹೊಸ ಚಪ್ಪಲಿ ಅಂಗಡಿಯೊಂದರ ಉದ್ಘಾಟನೆ ಅದು. ರಸ್ತೆಗಳು ಕೂಡುವ ಕಡೆಯಿಂದ ಅಂಗಡಿಯ ಬಾಗಿಲವರೆಗೆ ಬ್ಯಾಂಡು ಬಾರಿಸಿಕೊಂಡು ಹೋಗಬೇಕು, ಜನ ತಿರುಗಿ ನೋಡಬೇಕು, ಅಷ್ಟೇ ಕೆಲಸ. ಎಲ್ಲರಿಗೂ ಕೆಂಪು ಕೋಟು, ತಲೆಯ ಮೇಲೆ ಟೋಪಿ. ಒಂದು ಕಾಲದಲ್ಲಿ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದ ದೊಡ್ಡಬಾಯಿ ಈಗ ಕಟ್ಟಕಡೆಯ ಸಾಲಿನಲ್ಲಿದ್ದ. ಅವನು ನಡೆಯುತ್ತಲೇ ಟ್ರಂಪೆಟ್ಟನ್ನು ತಿರುಗಿಸಿ ಅದರ ಅಗಲ ಬಾಯೊಳಗೆ ಕೈ ತೂರಿಸಿದ. ಬೆರಳಿಗೆ ಬಟ್ಟೆ ಸಿಕ್ಕಿತು. ಎಳೆದರೆ ಮೊದಲು ತುದಿ ಬಂತು, ಆಮೇಲೆ ಎಳೆದಷ್ಟೂ ಬಂತು. ರಸ್ತೆ ಬದಿ ನಿಂತವನೊಬ್ಬ ಇದೂ ಕಾರ್ಯಕ್ರಮದ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದ.

ದೊಡ್ಡಬಾಯಿಗೆ ಮೈಯೆಲ್ಲ ಉರಿದುಹೋಯಿತು. ಅವನು ಸಾಲು ಬಿಟ್ಟು, ಡೋಲಿನವರನ್ನು ಭುಜದಿಂದ ಪಕ್ಕಕ್ಕೆ ತಳ್ಳಿ, ಸೀದಾ ಮುಂದಕ್ಕೆ ನುಗ್ಗಿದ. ಮುಂದೆ ಮಾಸ್ಟರು ಕಣ್ಣು ಮುಚ್ಚಿಕೊಂಡು ಊದುತ್ತಿದ್ದ. ಮಾಸ್ಟರು ಅಂದರೆ ಬೇರೆ ಯಾರೂ ಅಲ್ಲ, ದೊಡ್ಡಬಾಯಿಯ ಹೆಂಡತಿಯ ತಮ್ಮ. ಚಿಕ್ಕವನಿದ್ದಾಗ ಭಾವನ ಮೊಣಕಾಲಿಗೆ ಆತು ಕೂತು ಟ್ರಂಪೆಟ್ಟು ಕಲಿತವನು.

"ನಿನಗೆ ಊದೋದು ಕಲಿಸಿದ ಬಾಯಿಗೇ ಬಟ್ಟೆ ತುರುಕ್ತೀಯೇನೋ?"

ಮಾಸ್ಟರು ಕಣ್ಣು ಬಿಟ್ಟ. ಭಾವನ ಕೈಯಲ್ಲಿ ಜೋತಾಡುತ್ತಿದ್ದ ಬಟ್ಟೆಯನ್ನು ನೋಡಿದ. ಅದರ ಅಂಚನ್ನು ಇನ್ನೊಂದು ಗಳಿಗೆ ಹೆಚ್ಚಿಗೇ ನೋಡಿದ. ಏನೋ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ದೊಡ್ಡಬಾಯಿಗೆ ಅಷ್ಟು ಸಾಕಾಯಿತು. ಅವನಿಗೆ ಆ ಹೆಸರು ಸುಮ್ಮನೆ ಬಂದಿರಲಿಲ್ಲ. ಟ್ರಂಪೆಟ್ಟಿಗೆ ಬಾಯಿ ಇಟ್ಟರೂ ಸರಿ, ಜಗಳಕ್ಕೆ ಬಾಯಿ ತೆಗೆದರೂ ಸರಿ, ಮೂರು ಬೀದಿಗೆ ಕೇಳಿಸಬೇಕು. ಮಾಸ್ಟರನ ಸುರಿಯುವ ಮೂಗನ್ನು ಒರೆಸಿದ್ದರಿಂದ ಹಿಡಿದು ಅವನು ತಲೆಗೆ ಬಳಿದುಕೊಳ್ಳುವ ಕಪ್ಪು ಬಣ್ಣದವರೆಗೆ ಒಂದನ್ನೂ ಬಿಡದೆ ಜಾಡಿಸಿದ. ಡೋಲುಗಳು ಒಂದೊಂದಾಗಿ ನಿಂತವು. ಚಪ್ಪಲಿ ಅಂಗಡಿಯ ಯಜಮಾನ ಕತ್ತರಿ ಹಿಡಿದುಕೊಂಡೇ ರಸ್ತೆಗೆ ಇಳಿದು ಬಂದ. ಮಾಸ್ಟರು ತುಟಿಪಿಟಕ್ ಎನ್ನದೆ ಎಲ್ಲವನ್ನೂ ಕೇಳಿಸಿಕೊಂಡ.

"ಭಾವ, ಮನೆಗೆ ಹೋಗಿ. ಆಮೇಲೆ ಮಾತಾಡೋಣ," ಎಂದ ಕೊನೆಗೆ.

ತಿರುಗಿ ಬೈದಿದ್ದರೆ ದೊಡ್ಡಬಾಯಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಈ ಸಮಾಧಾನದ ಮಾತು ಅವನನ್ನು ಕೆಂಡಾಮಂಡಲ ಮಾಡಿತು. ಟೋಪಿಯನ್ನು ಮಾಸ್ಟರನ ಕಾಲ ಬಳಿ ಎಸೆದು, ಒಂದು ಕೈಯಲ್ಲಿ ಟ್ರಂಪೆಟ್ಟು, ಇನ್ನೊಂದು ಕೈಯಲ್ಲಿ ಆ ಬಟ್ಟೆ ಹಿಡಿದು ಮನೆ ಕಡೆ ನಡೆದ. ಕೆಂಪು ಕೋಟಿನವನು ಒಬ್ಬನೇ ರಸ್ತೆಯಲ್ಲಿ ಗೊಣಗಿಕೊಂಡು ಹೋಗುವುದನ್ನು ಕಂಡು ಬಸ್ಸಿಗೆ ಕಾಯುತ್ತಿದ್ದವರು ದಾರಿ ಬಿಟ್ಟರು.

ಎಲ್ಲಕ್ಕೂ ಕಾರಣ ಆ ಸುಡುಗಾಡು ಹಲ್ಲು. ಸ್ವಂತ ಹಲ್ಲು ಇದ್ದಷ್ಟು ಕಾಲ ಅವನನ್ನು ಯಾರೂ ಅಲುಗಾಡಿಸುವಂತಿರಲಿಲ್ಲ. ವಸಡು ಸಡಿಲವಾಗಿ ಮೇಲಿನ ಸಾಲಿನವು ಒಂದರ ಹಿಂದೆ ಒಂದು ಹೋದವು, ಉಳಿದವನ್ನು ಹಲ್ಲಿನ ಡಾಕ್ಟರಮ್ಮ ಕಿತ್ತುಹಾಕಿ, ಗಾಯ ಒಣಗಿದ ಮೇಲೆ ಮೇಲಿನದಕ್ಕೆ ಪೂರ್ತಿ ಸೆಟ್ಟು ಕಟ್ಟಿಕೊಟ್ಟಿದ್ದರು. ಮೊದಮೊದಲು ಚೆನ್ನಾಗಿಯೇ ಕೂತಿತ್ತು. ಸ್ವರಗಳೂ ಹೆಚ್ಚು ಕಡಿಮೆ ಮರಳಿದ್ದವು. ದೊಡ್ಡಬಾಯಿ ಅದನ್ನು ಕೆಂಪು ಕೋಟಿನಷ್ಟೇ ಜೋಪಾನವಾಗಿ ನೋಡಿಕೊಂಡ. ಕೋಟನ್ನು ಮನೆಯಲ್ಲಿ ಯಾರಾದರೂ ಹಾಕಿಕೊಂಡು ಕೂರುತ್ತಾರೆಯೇ? ಹಾಗೆಯೇ ಸೆಟ್ಟನ್ನೂ ಬ್ಯಾಂಡಿಗೆ ಹೋಗುವಾಗ ಮಾತ್ರ ಹಾಕಿಕೊಂಡ. ಬಂದ ಕೂಡಲೇ ತೆಗೆದು ಒರೆಸಿ ಟ್ರಂಪೆಟ್ಟಿನ ಪೆಟ್ಟಿಗೆಯಲ್ಲಿ ಒಣದಾಗಿ ಇಟ್ಟ. ವಾರಕ್ಕೊಮ್ಮೆ ಟ್ರಂಪೆಟ್ಟಿನ ಮೌತ್‌ಪೀಸನ್ನು ಪುಟ್ಟ ಪಾತ್ರೆಯಲ್ಲಿ ಕುದಿಸುವುದು ಅವನ ಗುರು ಹಾಕಿಕೊಟ್ಟ ಪದ್ಧತಿ. ಬಾಯಿಗೆ ಇಡುವುದು ಶುಚಿಯಾಗಿರಬೇಕಲ್ಲ. ಮೌತ್‌ಪೀಸಿನ ಜೊತೆಗೆ ಹಲ್ಲನ್ನೂ ಅದೇ ನೀರಿಗೆ ಬಿಟ್ಟು, ಎರಡೂ ತಳದಲ್ಲಿ ಕುಣಿಯುವುದನ್ನು ನೋಡುತ್ತಾ ನಿಲ್ಲುತ್ತಿದ್ದ.

ಆಮೇಲೆ ಏನಾಯಿತೋ, ಸೆಟ್ಟು ಅಲುಗಾಡತೊಡಗಿತು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುವುದು. ವಸಡು ಕೆಂಪಾಯಿತು, ಹುಣ್ಣಾಯಿತು. ಔಷಧಿ ಅಂಗಡಿಯ ಅಂಟುಪುಡಿ ಹಾಕಿದ, ಸಾಲದ್ದಕ್ಕೆ ಚೂಯಿಂಗ್ ಗಮ್ ಅಗಿದು ಅಂಟಿಸಿದ. ಡಾಕ್ಟರಮ್ಮನ ಬಳಿಗೆ ಮಾತ್ರ ಹೋಗಲಿಲ್ಲ. ಮೊದಲ ವಾರ ನೋವೆಂದು ಹೋಗಿದ್ದಾಗ ಆಕೆ ಒಂದಿಷ್ಟು ಉಜ್ಜಿ, ಅಭ್ಯಾಸ ಆಗುತ್ತೆ ಎಂದು ಹೇಳಿ, ಮುಂದಿನವರನ್ನು ಕರೆದಿದ್ದರು. ಅಭ್ಯಾಸ ಆಗಲಿ ಎಂದು ಹಲ್ಲು ಕಚ್ಚಿ ಸಹಿಸೋಣವೆಂದರೆ ಕಚ್ಚಲು ಹಲ್ಲೆಲ್ಲಿದೆ ಎಂದು ತಾನೇ ಜೋಕು ಮಾಡಿ ಬ್ಯಾಂಡಿನವರನ್ನು ನಗಿಸುತ್ತಿದ್ದ. ಆಗ ಅದು ಜೋಕಾಗಿತ್ತು. ಪಕ್ಕದ ಬೀದಿಯ ಮದುವೆ ಮೆರವಣಿಗೆ ಅವನ ಮನೆಯ ಮುಂದೆ ಹಾದುಹೋದ ದಿನ, ಅತಿ ಎತ್ತರದ ಸ್ವರಕ್ಕೆ ಏರುವಾಗ ಸೆಟ್ಟು ಕಳಚಿ ನಾಲಿಗೆಯ ಮೇಲೆ ಬಿದ್ದು, ಟ್ರಂಪೆಟ್ಟು ಕರು ಅರಚಿದ ಹಾಗೆ ಅರಚಿಬಿಟ್ಟಿತು. ಮಾರನೆಯ ದಿನವೇ ಮಾಸ್ಟರು ಅವನನ್ನು ಕೊನೆಯ ಸಾಲಿಗೆ ಹಾಕಿದ. ಊದಬೇಡಿ ಭಾವ, ಹಿಡ್ಕೊಂಡು ನಡೀರಿ ಸಾಕು ಎಂದ.

ಬ್ಯಾಂಡಿನಲ್ಲಿ ಅಂಥವರು ಇರುತ್ತಾರೆ. ಕರೆಸಿದವರು ಸಾಲು ಉದ್ದವಾಗಿರಲಿ ಎಂದರೆ ಯಾರಿಗೋ ಕೋಟು ತೊಡಿಸಿ, ಕೆಟ್ಟುಹೋದ ವಾದ್ಯವೊಂದನ್ನು ಕೈಗೆ ಕೊಟ್ಟು ನಡೆಸುತ್ತಾರೆ. ಅವರನ್ನು ಗೊಂಬೆಗಳು ಎನ್ನುತ್ತಾರೆ. ದೊಡ್ಡಬಾಯಿ ಗೊಂಬೆಯಾಗುವುದೇ! ಅವನು ಕೊನೆಯ ಸಾಲಿನಲ್ಲಿದ್ದುಕೊಂಡೇ ಊದುತ್ತಿದ್ದ, ನೋವಾದರೂ ಊದುತ್ತಿದ್ದ. ಅದನ್ನು ನಿಲ್ಲಿಸಲು ಭಾಮೈದ ಈ ಉಪಾಯ ಮಾಡಿದ್ದಾನೆ. ನಾಯಿ, ಕಳ್ಳ, ಉಂಡ ಮನೆಗೆ ದ್ರೋಹ ಬಗೆದವನು.

ಮನೆಯ ಬಾಗಿಲು ತೆರೆದೇ ಇತ್ತು. ಅವನು ಒಳಗೆ ಕಾಲಿಟ್ಟವನೇ, ನಿನ್ನ ತಮ್ಮ ಮಾಡಿದ ಘನಂದಾರಿ ಕೆಲಸ ನೋಡು ಬಾ ಎಂದು ಕೂಗಿ ಬಟ್ಟೆಯನ್ನು ಅಡುಗೆಮನೆಯ ನೆಲಕ್ಕೆ ಬಿಸಾಡಿದ. ಹೆಂಡತಿ ಒಲೆಯಿಂದ ಹಾಲಿನ ಪಾತ್ರೆ ಇಳಿಸುತ್ತಿದ್ದಳು. ಅವನು ಎಸೆದ ಬಟ್ಟೆ ಹಳೆಯ ದಿಂಬಿನ ಚೀಲದ ಅರ್ಧ, ಅಂಚಿಗೆ ನೀಲಿ ದಾರದ ದಪ್ಪ ಹೊಲಿಗೆ. ಅವಳು ಪಾತ್ರೆ ಹಿಡಿದಿದ್ದ ಬಟ್ಟೆಗೂ ಅದೇ ನೀಲಿ ದಾರ, ಅದೇ ಹೊಲಿಗೆ. ಅದು ಇನ್ನರ್ಧ.

ದೊಡ್ಡಬಾಯಿ ನೆಲವನ್ನೂ ಅವಳ ಕೈಯನ್ನೂ ಮತ್ತೆ ಮತ್ತೆ ನೋಡಿದ.

"ಇದು ನಮ್ಮನೆ ಬಟ್ಟೆ. ಅವನು ಬಂದು ತಗೊಂಡು ಹೋದ್ನಾ?"

"ಅವನ್ಯಾಕೆ ಬರ್ತಾನೆ," ಎಂದಳು ಹೆಂಡತಿ. ಪಾತ್ರೆಯನ್ನು ನಿಧಾನವಾಗಿ ಕೆಳಗಿಟ್ಟಳು. "ನಾನೇ ತುರುಕಿದ್ದು. ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ."

ಹೇಳಿದವಳು ಅಲ್ಲಿಗೇ ನಿಲ್ಲಿಸಲಿಲ್ಲ. ಎಷ್ಟೋ ವಾರದಿಂದ ಒಳಗೇ ಇಟ್ಟುಕೊಂಡದ್ದೆಲ್ಲ ಕಟ್ಟೆ ಒಡೆದು ಬಂತು. ಊದಬೇಡಿ, ಮೊದಲು ಡಾಕ್ಟರ ಹತ್ತಿರ ಹೋಗಿ ಎಂದು ಬಾಯಿ ನೋಯುವಷ್ಟು ಸಲ ಹೇಳಿದ್ದಳಂತೆ. ಅವನು ಕಿವಿಗೆ ಹಾಕಿಕೊಂಡಿದ್ದನೇ? ಊಟಕ್ಕೆ ಕೂತರೆ ನೋವು, ಎದ್ದರೆ ಸಿಡುಕು, ಅನ್ನ ಮೆತ್ತಗಾದರೆ ಬೈಗುಳ, ಗಟ್ಟಿಯಾದರೆ ತಟ್ಟೆ ಗೋಡೆಗೆ. ಅದನ್ನೂ ನುಂಗಿಕೊಂಡಿದ್ದಳು. ಆದರೆ ಆ ಮದುವೆಯ ದಿನ ಅವಳು ಪಕ್ಕದ ಮನೆಯ ಮೆಟ್ಟಿಲ ಮೇಲೆ ನಿಂತು ಮೆರವಣಿಗೆ ನೋಡುತ್ತಿದ್ದಳು.

"ನಕ್ಕರು ರೀ ಅವತ್ತು. ನೀವು ಹಲ್ಲು ಸರಿ ಮಾಡ್ಕೊಳ್ಳೋದ್ರಲ್ಲಿದ್ರಿ, ನಿಮಗೆ ಕೇಳಿಸ್ಲಿಲ್ಲ. ನನಗೆ ಕೇಳಿಸ್ತು. ಪಕ್ಕದ್ಮನೆಯವಳು ನನ್ನ ಮುಖ ನೋಡ್ಕೊಂಡೇ ನಕ್ಕಳು. ಇನ್ನೊಂದು ಸಲ ಆ ನಗು ಕೇಳೋ ಶಕ್ತಿ ನನಗಿಲ್ಲ."

"ಅದಕ್ಕೆ ನನ್ನ ಬಾಯಿ ಮುಚ್ಚಿಸ್ತೀಯಾ? ನೀನ್ಯಾರೇ ಮುಚ್ಚಿಸೋಕೆ?"

"ನಿಮ್ಮ ಹೆಂಡ್ತಿ."

ದೊಡ್ಡಬಾಯಿ ನೆಲದ ಮೇಲಿದ್ದ ಬಟ್ಟೆಯನ್ನು ಕಾಲಿನಿಂದ ಒದ್ದ. ಅವನ ದನಿ ಇಳಿದುಹೋಗಿತ್ತು. ಅವನ ದನಿ ಇಳಿದದ್ದನ್ನು ಅವಳು ಅದುವರೆಗೆ ಕೇಳಿರಲೇ ಇಲ್ಲ.

"ಸತ್ತವರ ಮೂಗಿಗೆ ಹತ್ತಿ ಇಡ್ತಾರೆ. ನೀನು ಬದುಕಿರೋವಾಗ್ಲೇ ಇಟ್ಟೆ."

ಅಲ್ಲಿಗೆ ಆ ಮನೆಯಲ್ಲಿ ಮಾತು ನಿಂತಿತು.

ಮರುದಿನ ಬೆಳಿಗ್ಗೆ ಹಲ್ಲಿನ ಡಾಕ್ಟರಮ್ಮ ಬಾಗಿಲು ತೆಗೆಯುವ ಮೊದಲೇ ಅವನು ಅಲ್ಲಿದ್ದ. ರಾತ್ರಿಯೆಲ್ಲ ಹೊರಳಾಡಿ ಅವನು ಒಂದು ತೀರ್ಮಾನಕ್ಕೆ ಬಂದಿದ್ದ. ಹೆಂಡತಿಯ ಮೇಲೆ ಕೈಮಾಡುವ ಗಂಡಸಲ್ಲ ಅವನು, ಭಾಮೈದನಿಗೆ ಮುಖ ತೋರಿಸುವಂತಿಲ್ಲ. ಹಾಗಾದರೆ ಈ ಸಿಟ್ಟನ್ನು ಎಲ್ಲಿಗೆ ತೆಗೆದುಕೊಂಡು ಹೋಗುವುದು? ಕೆಟ್ಟ ಹಲ್ಲು ಕಟ್ಟಿಕೊಟ್ಟವರ ಹತ್ತಿರಕ್ಕೇ. ಹೆಸರು ಬರೆಸಿ ಎಂದ ನರ್ಸಿನ ಮಾತನ್ನು ದಾಟಿಕೊಂಡು ಒಳಗೆ ಹೋಗಿ, ಸೆಟ್ಟನ್ನು ಬಾಯಿಂದ ತೆಗೆದು ಡಾಕ್ಟರಮ್ಮನ ಮೇಜಿನ ಮೇಲೆ ಕುಕ್ಕಿದ. ಅದು ಒಂದು ಸಲ ಪುಟಿದು ಪೆನ್ನಿನ ಡಬ್ಬಕ್ಕೆ ತಾಗಿ ನಿಂತಿತು. ನಿಮ್ಮ ಹಲ್ಲು ನೀವೇ ಇಟ್ಟುಕೊಳ್ಳಿ, ನನ್ನ ಮಾನ ಕಳೆದದ್ದು ಸಾಕು ಎಂದ. ಹಲ್ಲಿಲ್ಲದ ಬಾಯಿಯ ಬೈಗುಳದಲ್ಲಿ ಅರ್ಧ ಗಾಳಿಯೇ ಇತ್ತು. ಅದೂ ಅವನಿಗೆ ಸಿಟ್ಟು ಬರಿಸಿತು.

ಡಾಕ್ಟರಮ್ಮ ನಡುವಯಸ್ಸಿನ, ಚುರುಕು ಕೈಯ, ಅಷ್ಟೇ ಚುರುಕು ನಾಲಿಗೆಯ ಹೆಂಗಸು. ಬೈದು ಮುಗಿಯಲಿ ಎಂದು ಕಾದು, ಕುರ್ಚಿ ತೋರಿಸಿದರು. ದೀಪ ಎಳೆದು ಅವನ ಬಾಯೊಳಗೆ ನೋಡಿದರು. ನೋಡುತ್ತಾ ಅವರ ಹುಬ್ಬು ಗಂಟಿಕ್ಕಿತು.

"ಇಂಥ ಹುಣ್ಣು ಇಟ್ಕೊಂಡು ಇಷ್ಟು ದಿನ ಏನ್ರೀ ಮಾಡ್ತಿದ್ರಿ?"

ಅವರು ಒಳಗಿನ ಕಪಾಟಿನಿಂದ ಅವನ ವಸಡಿನ ಅಚ್ಚನ್ನು ಹುಡುಕಿ ತಂದರು, ಬಿಳಿಯ ಗಚ್ಚಿನದು. ಸೆಟ್ಟು ಕಟ್ಟಿದ್ದು ಅದರ ಮೇಲೆಯೇ. ಈಗ ಸೆಟ್ಟನ್ನು ಅದರ ಮೇಲಿಟ್ಟು ಬೆರಳಿನಿಂದ ಒತ್ತಿದರೆ, ಒಂದು ಕಾಲು ಗಿಡ್ಡವಾದ ಮಣೆಯ ಹಾಗೆ ಅದು ಟಕ್ ಟಕ್ ಎಂದು ಆಡಿತು. ಡಾಕ್ಟರಮ್ಮ ಎರಡು ಮೂರು ಸಲ ಒತ್ತಿ ನೋಡಿದರು. ತಾನು ಕೊಟ್ಟಾಗ ಇದು ಹೀಗಿರಲಿಲ್ಲ, ಸೊಟ್ಟಗಾಗಿದೆ ಎಂದು, ಬಿಸಿನೀರಿಗೆ ಏನಾದರೂ ಹಾಕಿದ್ದಿರಾ ಎಂದು ಕೇಳಿದರು.

"ಬರೀ ಬಿಸಿನೀರಲ್ಲ. ಕುದಿಯೋ ನೀರು," ಎಂದ ದೊಡ್ಡಬಾಯಿ. ತನ್ನ ಶುಚಿತ್ವದ ಬಗ್ಗೆ ಅವನಿಗೆ ಹೆಮ್ಮೆಯಿತ್ತು. "ವಾರಕ್ಕೊಂದ್ಸಲ ತಪ್ಪದೆ."

ಡಾಕ್ಟರಮ್ಮ ತಲೆಯ ಮೇಲೆ ಕೈ ಇಟ್ಟುಕೊಂಡರು. ಇದು ಪಾತ್ರೆಯಲ್ಲ ಪಡಗವಲ್ಲ, ಒಂಥರಾ ಪ್ಲಾಸ್ಟಿಕ್ಕು, ಕುದಿಸಿದರೆ ಬಾಗದೆ ಇನ್ನೇನು ಮಾಡುತ್ತದೆ, ತಣ್ಣೀರಲ್ಲಿ ಇಡಿ ಎಂದು ಅವತ್ತೇ ಹೇಳಿರಲಿಲ್ಲವೇ ಎಂದು ಅವರೂ ಏರುದನಿಯಲ್ಲಿ ತರಾಟೆಗೆ ತೆಗೆದುಕೊಂಡರು. ಹೇಳಿದ್ದರು, ನಿಜ. ಹೊಸ ಸೆಟ್ಟು ಬಾಯಿ ತುಂಬಿ ಒತ್ತಿ, ಅವನ ಕಣ್ಣಲ್ಲಿ ನೀರು ಬಂದು, ಯಾವಾಗ ಇಲ್ಲಿಂದ ಎದ್ದೇನು ಎಂದು ಕೂತಿದ್ದಾಗ ಕೈಗವಸು ಕಳಚುತ್ತಾ ಹೇಳಿದ್ದರು. ಅವನು ಹೂಂ ಎಂದಿದ್ದ. ಏನೆಂದು ಹೂಂಗುಟ್ಟಿದ್ದೇನೆ ಎಂದು ಅವನಿಗೆ ಗೊತ್ತಿರಲಿಲ್ಲ, ಗೊತ್ತಾಗಿದೆಯೇ ಎಂದು ಅವರು ನೋಡಿರಲಿಲ್ಲ.

"ಬಾಯಿಗೆ ಇಡೋದನ್ನ ಕುದಿಸದೆ ಇಡ್ತಾರಾ? ನಾನು ಊದೋನು!"

"ಊದೋದು ಅಂದ್ರೆ? ಏನು ಊದ್ತೀರಿ?"

"ಟ್ರಂಪೆಟ್."

ಡಾಕ್ಟರಮ್ಮ ಸೆಟ್ಟನ್ನು ಕೈಗೆತ್ತಿಕೊಂಡು ಅದರ ಮುಂದಿನ ಹಲ್ಲುಗಳನ್ನು ನೋಡಿದರು. ಆಮೇಲೆ ಅವನ ತುಟಿಯ ನಡುವೆ ಇದ್ದ, ವರ್ಷಗಟ್ಟಲೆ ಒತ್ತಿ ಒತ್ತಿ ಮೂಡಿದ ಉಂಗುರದ ಗುರುತನ್ನು ನೋಡಿದರು. ಅದು ಅವತ್ತೂ ಅಲ್ಲೇ ಇತ್ತು.

"ಇದನ್ನ ನೀವು ನನಗೆ ಹೇಳಲೇ ಇಲ್ಲ."

"ನೀವು ಕೇಳಲೇ ಇಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿಕೊಂಡರು. ಹೇಳದೇ ಇದ್ದದ್ದಕ್ಕೆ ಕಾರಣ ಇತ್ತು. ಹೇಳಿದರೆ ಇನ್ನು ಊದಬೇಡಿ ಎಂದುಬಿಡುತ್ತಾರೆ ಎಂದು ದೊಡ್ಡಬಾಯಿ ಹೆದರಿದ್ದ. ಹೆದರಿಕೆ ಎಂಬ ಮಾತು ಅವನ ಬಾಯಿಗೆ ಬರುವಂಥದ್ದಲ್ಲ, ಅದಕ್ಕೆ ಇಲ್ಲಿಯವರೆಗೆ ಸಿಟ್ಟು ಮಾಡಿಕೊಂಡೇ ಬಂದಿದ್ದ. ಈಗ ಕುರ್ಚಿಯಲ್ಲಿ ಬಾಯಿ ಬರಿದಾಗಿ ಕೂತು, ನಾನು ಗೊಂಬೆ ಆಗೋಕಾಗಲ್ಲ ಡಾಕ್ಟ್ರೇ ಎಂದುಬಿಟ್ಟ. ಗೊಂಬೆ ಎಂದರೇನೆಂದು ಅವರಿಗೆ ಅರ್ಥವಾಗಲಿಲ್ಲ. ಕೇಳಿದರು. ಅವನು ಹೇಳಿದ. ಅವರು ಪೂರ್ತಿ ಕೇಳಿಸಿಕೊಂಡರು, ನಡುವೆ ಬಾಗಿಲು ತೆರೆದ ನರ್ಸನ್ನು ಕೈಯಾಡಿಸಿ ಹೊರಗೆ ಕಳಿಸಿದರು.

ಈ ಸೆಟ್ಟು ಇನ್ನು ಕೆಲಸಕ್ಕೆ ಬಾರದು ಎಂದರು ಆಕೆ. ಹುಣ್ಣು ಮಾಯುವವರೆಗೆ ಬಾಯಿಗೆ ಏನನ್ನೂ ಇಡುವಂತಿಲ್ಲ, ಆಮೇಲೆ ಹೊಸದಾಗಿ ಅಳತೆ. ಹುಣ್ಣಿನ ಮೇಲೇ ಒತ್ತಿ ಊದಿ ವಸಡು ತುಂಬಾ ಕರಗಿದೆ, ಮೇಲಿನ ಸ್ವರಗಳ ಬಗ್ಗೆ ತಾನು ಮಾತು ಕೊಡಲಾರೆ. ಮುಂದಿನ ಸಲ ಬರುವಾಗ ಟ್ರಂಪೆಟ್ಟು ತರಬೇಕು.

ಮನೆಯಲ್ಲಿ ಹೆಂಡತಿ ಗೋಡೆಯ ಜೊತೆ ಮಾತಾಡುತ್ತಿದ್ದಳು. ಊಟ ಆಗಿದೆ, ಬೇಕಾದವರು ತಿನ್ನಬಹುದು ಎಂದು ಗೋಡೆಗೆ ಹೇಳುವಳು. ಅವನು ಕಿಟಕಿಗೆ ಉತ್ತರ ಕೊಡುವನು. ಹುಣ್ಣು ಮಾಯುವವರೆಗೆ ಅವಳು ಎಲ್ಲವನ್ನೂ ಅರೆದು, ಸೋಸಿ, ಹದವಾಗಿ ಆರಿಸಿ ತರುತ್ತಿದ್ದಳು. ತಂದದ್ದನ್ನು ಮಾತ್ರ ಮೇಜಿನ ಮೇಲೆ ಧಡ್ ಎಂದು ಕುಕ್ಕುತ್ತಿದ್ದಳು. ಸಿಟ್ಟು ಅವಳದೂ ಇಳಿದಿರಲಿಲ್ಲ. ಅವನು ತಿಂದು ತಟ್ಟೆಯನ್ನು ತಾನೇ ತೊಳೆದಿಡುತ್ತಿದ್ದ, ಅದನ್ನೂ ಅಷ್ಟೇ ಜೋರಾಗಿ ಕುಕ್ಕುತ್ತಿದ್ದ.

ಹೊಸ ಅಳತೆಯಾಗಿ, ಮೇಣದ ಮೇಲೆ ಹಲ್ಲು ಕೂರಿಸಿದ ದಿನ ಡಾಕ್ಟರಮ್ಮ ಮೌತ್‌ಪೀಸನ್ನು ಹಗುರವಾಗಿ ತುಟಿಗೆ ಇಡಿಸಿ ಬಹಳ ಹೊತ್ತು ನೋಡಿದರು. ಅವನು ಅದನ್ನು ನಟ್ಟನಡುವೆ ಇಡುತ್ತಿರಲಿಲ್ಲ, ಒಂಚೂರು ಎಡಕ್ಕೆ ಇಡುತ್ತಿದ್ದ. ಆಕೆ ಮುಂದಿನ ಹಲ್ಲುಗಳನ್ನು ಹಿಂದಕ್ಕೆ ತಳ್ಳಿದರು, ಮತ್ತೆ ಮುಂದಕ್ಕೆ ತಂದರು, ಒಂದನ್ನು ಕಿತ್ತು ಬೇರೆ ಇಟ್ಟರು. ಸೆಟ್ಟು ತಯಾರಾದ ಮೇಲೆ ಆ ಕುರ್ಚಿಯಲ್ಲೇ ಊದಿಸಿದರು. ಹೊರಗೆ ಕೆನ್ನೆ ಹಿಡಿದು ಕೂತಿದ್ದವರು ಬೆಚ್ಚಿಬಿದ್ದರು. ನೋವಾದಲ್ಲಿ ಉಜ್ಜಿದರು, ಮತ್ತೆ ಊದಿಸಿದರು, ಇನ್ನೆರಡು ದಿನ ಬಿಟ್ಟು ಬರಹೇಳಿ ಮತ್ತೆ ಉಜ್ಜಿದರು. ಈ ಸಲ ಕೈಗವಸು ಕಳಚಿ, ಎದುರಿಗೆ ಕುರ್ಚಿ ಎಳೆದುಕೊಂಡು ಕೂತು ಹೇಳಿದರು. ಹಗಲೆಲ್ಲ ಹಾಕಿಕೊಂಡೇ ಇರಬೇಕು, ಮೆರವಣಿಗೆ ಇರಲಿ ಬಿಡಲಿ. ಮಲಗುವಾಗ ತೆಗೆದು, ಮೆತ್ತನೆ ಬ್ರಷ್ಷಿನಿಂದ ತೊಳೆದು, ತಣ್ಣೀರಲ್ಲಿ ಮುಳುಗಿಸಿಡಬೇಕು. ತಾವು ಹೇಳಿದ್ದನ್ನು ಅವನ ಬಾಯಿಂದಲೇ ತಿರುಗಿ ಹೇಳಿಸಿದರು.

"ಇನ್ನೊಂದು. ವಸಡು ಕರಗ್ತಾ ಹೋಗುತ್ತೆ, ಸೆಟ್ ಕರಗಲ್ಲ. ಸಡಿಲ ಆಯ್ತು ಅನ್ನಿಸಿದ ದಿನವೇ ಬನ್ನಿ. ಬಂದು ಬೈಯಿರಿ ಬೇಕಾದ್ರೆ. ಆದ್ರೆ ಬನ್ನಿ."

ಮನೆಯಲ್ಲಿ ಅವನು ಹಗಲೆಲ್ಲ ಹಲ್ಲು ಹಾಕಿಕೊಂಡು ಓಡಾಡಿದ. ಗಟ್ಟಿ ಊದಬೇಡ, ಉದ್ದ ಊದು ಎಂದು ತಾನೇ ಎಷ್ಟೋ ಹುಡುಗರಿಗೆ ಹೇಳಿದ್ದನ್ನು ಈಗ ತನಗೇ ಹೇಳಿಕೊಳ್ಳಬೇಕಾಯಿತು. ಕೆಳಗಿನ ಸ್ವರಗಳು ಬಂದವು. ನಡುವಿನವು ಸತಾಯಿಸಿ ಬಂದವು. ಮೇಲಿನವು ಬರಲಿಲ್ಲ. ಏರಲು ಒತ್ತಿದರೆ ಸೆಟ್ಟು ಹಿಂದುಗಡೆ ಏಳುತ್ತಿತ್ತು, ಒತ್ತದಿದ್ದರೆ ಸ್ವರ ಏರುತ್ತಿರಲಿಲ್ಲ. ಒಂದು ಮಧ್ಯಾಹ್ನ ಸಿಟ್ಟಿನಿಂದ ಟ್ರಂಪೆಟ್ಟನ್ನು ಹಾಸಿಗೆಯ ಮೇಲೆ ಎಸೆದು ಕೂತ. ಹೋದದ್ದು ಹೋಯಿತು, ಮರಳುವುದಿಲ್ಲ. ಅದಕ್ಕೆ ಯಾರನ್ನು ಬೈಯುವುದು? ಕುದಿಸಿದ ಕೈ ತನ್ನದೇ. ಬೈಯಲು ಯಾರೂ ಸಿಗದೆ ಅವನು ಸ್ವಲ್ಪ ಹೊತ್ತು ಅತ್ತ. ಹೆಂಡತಿ ಬಾಗಿಲವರೆಗೆ ಬಂದು ನಿಂತದ್ದು ಅವನಿಗೆ ಗೊತ್ತಾಯಿತು, ಹೋದದ್ದೂ ಗೊತ್ತಾಯಿತು.

ಮಾಸ್ಟರನ ಬ್ಯಾಂಡಿನ ಕೋಣೆ ಸೈಕಲ್ ಅಂಗಡಿಯ ಮೇಲಿತ್ತು. ದೊಡ್ಡಬಾಯಿ ಟ್ರಂಪೆಟ್ಟಿನ ಪೆಟ್ಟಿಗೆ ಹಿಡಿದು ಮೆಟ್ಟಿಲು ಹತ್ತಿ ಹೋದಾಗ ಮಾಸ್ಟರು ಒಬ್ಬನೇ ಕೂತು ಟ್ರಂಪೆಟ್ಟಿನ ಗುಂಡಿಗಳಿಗೆ ಎಣ್ಣೆ ಬಿಡುತ್ತಿದ್ದ. ಗೋಡೆಯುದ್ದಕ್ಕೂ ಕೆಂಪು ಕೋಟುಗಳು ನೇತಾಡುತ್ತಿದ್ದವು. ಭಾವನನ್ನು ಕಂಡರೂ ಮಾಸ್ಟರು ಎಣ್ಣೆ ಬಿಡುವುದನ್ನು ನಿಲ್ಲಿಸಲಿಲ್ಲ.

"ಬಟ್ಟೆ ತುರುಕಿದ್ದು ನಿನ್ನಕ್ಕ ಅಂತ ಅವತ್ತೇ ಗೊತ್ತಾಗಿತ್ತಾ ನಿನಗೆ?"

"ಆ ನೀಲಿ ದಾರದ ಹೊಲಿಗೆ ನೋಡಿದ್ರೆ ಗೊತ್ತಾಗಲ್ವಾ ಭಾವ. ನಮ್ಮಮ್ಮ ಕಲಿಸಿದ ಹೊಲಿಗೆ ಅದು."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ಅಷ್ಟು ಜನರ ಮುಂದೆ ಅಕ್ಕನ ಹೆಸರು ಹೇಳ್ಲಾ?" ಮಾಸ್ಟರು ಎಣ್ಣೆಯ ಸೀಸೆ ಕೆಳಗಿಟ್ಟ. "ಊದಬೇಡಿ ಅಂದವನು ನಾನೇ. ಮುಖಕ್ಕೇ ಅಂದೆ. ಕದ್ದು ಬಟ್ಟೆ ತುರುಕೋನು ಅಂತ ಅಂದ್ಕೊಂಡ್ರಲ್ಲ, ಅದು ನಂಗೆ ಇನ್ನೂ ಉರೀತಿದೆ."

ದೊಡ್ಡಬಾಯಿ ನೆಲ ನೋಡಿದ. ಬೈಯುವ ಮಾತು ಸಾವಿರ ಗೊತ್ತಿದ್ದವನಿಗೆ ಈ ಮಾತು ಎಲ್ಲಿಂದ ಶುರುಮಾಡುವುದೆಂದೇ ತಿಳಿಯಲಿಲ್ಲ. ತಪ್ಪಾಯ್ತು ಎಂದು ಗಂಟಲಲ್ಲೇ ಅಂದ. ಮಾಸ್ಟರು, ಬಿಡಿ ಎಂದ, ನನಗಿನ್ನೂ ಬಿಡೋಕಾಗಿಲ್ಲ, ನೀವಾದ್ರೂ ಬಿಡಿ. ಆಮೇಲೆ ಗಲ್ಲ ಎತ್ತಿ ಟ್ರಂಪೆಟ್ಟಿನ ಪೆಟ್ಟಿಗೆಯನ್ನು ತೋರಿಸಿ, ಊದಿ ನೋಡೋಣ ಎಂದ.

ದೊಡ್ಡಬಾಯಿ ಊದಿದ. ಕೆಳಗಿನಿಂದ ಹಿಡಿದು ನಡುವಿನವರೆಗೆ ಏರಿ, ಅಲ್ಲಿ ನಿಂತುಬಿಟ್ಟ. ಮೇಲಕ್ಕೆ ಹೋಗಲು ಪ್ರಯತ್ನವನ್ನೂ ಮಾಡಲಿಲ್ಲ. ಮೇಲಿಂದು ಬರಲ್ಲ, ಇನ್ನು ಬರೋದೂ ಇಲ್ಲ ಎಂದ. ಮಾಸ್ಟರು ಎಣ್ಣೆಯ ಸೀಸೆಯ ಮುಚ್ಚಳ ತಿರುಗಿಸಿ ಮುಚ್ಚಿದ.

"ಎರಡನೇ ಸಾಲು," ಎಂದ ಆಮೇಲೆ. "ಕೆಳಗಿಂದು ನೀವು ಹಿಡೀರಿ. ಮೇಲಿಂದು ನಾನು ನೋಡ್ಕೋತೀನಿ."

ತಾನು ಕಲಿಸಿದವನು ತನಗೆ ಜಾಗ ತೋರಿಸುತ್ತಿದ್ದಾನೆ. ದೊಡ್ಡಬಾಯಿಯ ಕಿವಿ ಕೆಂಪಾಯಿತು. ಬಾಯಿಗೆ ಬಂದದ್ದು ಬೇರೆಯೇ ಇತ್ತು. ಅದನ್ನು ನುಂಗಿ, ಆಯ್ತು ಎಂದು, ಅವತ್ತು ಎಸೆದು ಹೋಗಿದ್ದ ತನ್ನ ಟೋಪಿಯನ್ನು ಗೋಡೆಯಿಂದ ಇಳಿಸಿಕೊಂಡ.

ಆ ಭಾನುವಾರದ ಮದುವೆ ಮೆರವಣಿಗೆ ಅವರ ಮನೆಯ ಮುಂದಿನ ದೊಡ್ಡ ರಸ್ತೆಯಲ್ಲೇ ಹಾದುಹೋಗುವುದಿತ್ತು. ಅವನು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಹೆಂಡತಿ ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಬಳಿ ನಿಂತಿದ್ದಳು. ನಾನೂ ಬರುತ್ತೇನೆ ಎಂದಳು. ಗೋಡೆಗಲ್ಲ, ಅವನಿಗೇ ಹೇಳಿದಳು. ಆ ನಗು ಕೇಳೋ ಶಕ್ತಿ ಇಲ್ಲ ಅಂದಿದ್ದೆಯಲ್ಲ ಎಂದು ಅವನು ಚುಚ್ಚಿದ. ಇಲ್ಲ ಎಂದಳು ಅವಳು, ಮನೇಲಿ ಕೂತ್ಕೊಂಡು ಏನು ಕೇಳಿಸ್ತೋ ಅಂತ ಕಾಯೋ ಶಕ್ತಿಯೂ ಇಲ್ಲ.

ಮೆರವಣಿಗೆ ಹೊರಟಿತು. ದೊಡ್ಡಬಾಯಿ ಎರಡನೇ ಸಾಲಿನ ಅಂಚಿನಲ್ಲಿದ್ದ, ಅವಳು ರಸ್ತೆಯ ಬದಿಯಲ್ಲಿ ಅವನ ಹೆಜ್ಜೆಗೆ ಸಮನಾಗಿ ನಡೆಯುತ್ತಿದ್ದಳು. ಮುಂದೆ ಮಾಸ್ಟರನ ಟ್ರಂಪೆಟ್ಟು ಮೇಲಕ್ಕೆ ಹಾರಿತು. ದೊಡ್ಡಬಾಯಿ ಕ್ಷಣ ತಡೆದು, ಕೆಳಗಿನ ಸ್ವರ ಹಿಡಿದ. ಸೆಟ್ಟು ಕದಲಲಿಲ್ಲ. ಬಿಡದೆ ಹಿಡಿದ. ಮುಂದೆ ಮಾಸ್ಟರನ ಹೆಗಲು ಸ್ವಲ್ಪ ಸಡಿಲವಾದದ್ದು ಅವನಿಗೆ ಕಂಡಿತು, ಬೆನ್ನಿಗೆ ಆಸರೆ ಸಿಕ್ಕವನ ಹೆಗಲಿನಂತೆ. ನೋವಿಲ್ಲದೆ ಊದಿ ಎಷ್ಟು ಕಾಲವಾಗಿತ್ತು!

ಅಷ್ಟರಲ್ಲಿ ನಗು ಕೇಳಿಸಿತು. ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಇಬ್ಬರು ಕೂತಿದ್ದರು. ಅವರಲ್ಲೊಬ್ಬ ಬ್ಯಾಂಡಿನ ಕಡೆಗೇ ಮುಖ ಮಾಡಿ, ತೊಡೆ ತಟ್ಟಿಕೊಂಡು, ಬಿದ್ದು ಬಿದ್ದು ನಗುತ್ತಿದ್ದ. ಈ ಸಲ ದೊಡ್ಡಬಾಯಿಗೆ ಕೇಳಿಸಿತು. ನಾಲಿಗೆ ತನ್ನಷ್ಟಕ್ಕೆ ಮೇಲಕ್ಕೆ ಹೋಗಿ ಸೆಟ್ಟನ್ನು ಮುಟ್ಟಿ ನೋಡಿತು. ಅದು ಅದರ ಜಾಗದಲ್ಲೇ ಇತ್ತು. ನಿಲ್ಲಿಸಿ ಹೋಗಿ ಅವನ ಕೊರಳಪಟ್ಟಿ ಹಿಡಿಯಬೇಕೆನಿಸಿತು. ಆದರೆ ಕೆಳಗಿನ ಸ್ವರ ಬಿಟ್ಟರೆ ಮೇಲಿನದು ಒಂಟಿಯಾಗುತ್ತದೆ. ಅವನು ಊದುತ್ತಲೇ ಕಣ್ಣನ್ನು ಮಾತ್ರ ಆ ಕಡೆ ತಿರುಗಿಸಿದ.

ರಸ್ತೆಯ ಬದಿಯಲ್ಲಿ ಹೆಂಡತಿ ಇರಲಿಲ್ಲ. ಅವಳು ಆಗಲೇ ಆ ಕಟ್ಟೆಯ ಮುಂದೆ ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆರಳನ್ನು ನಗುತ್ತಿದ್ದವನ ಮೂಗಿನವರೆಗೆ ಒಯ್ದು ಆಡಿಸುತ್ತಿದ್ದಳು. ಅವನು ಗಾಬರಿಯಿಂದ ಎದ್ದು ನಿಂತು, ನಕ್ಕದ್ದು ಇದಕ್ಕೆ ಎನ್ನುವಂತೆ ತನ್ನ ಫೋನನ್ನು ಅವಳ ಕಡೆ ತಿರುಗಿಸಿ ಅದರಲ್ಲಿದ್ದುದನ್ನು ತೋರಿಸುತ್ತಿದ್ದ. ಅವಳು ಅದನ್ನು ನೋಡಲೂ ಇಲ್ಲ. ಅವಳ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಮತ್ತೆ ಇನ್ನೂ ಅಗಲವಾಗಿ ತೆರೆಯುತ್ತಿತ್ತು. ಟ್ರಂಪೆಟ್ಟಿನ ಸದ್ದಿನಲ್ಲಿ ದೊಡ್ಡಬಾಯಿಗೆ ಅವಳ ಒಂದು ಮಾತೂ ಕೇಳಿಸಲಿಲ್ಲ.